ಭಟ್ಟಿಯಕ್ಕನ ಕಾವು

ಆ ಬೇಕರಿಯ ಭಟ್ಟಿಗೆ ಒಂದು ಕಾಲದಲ್ಲಿ ಕಾವು ತೋರಿಸುವ ಮೀಟರು ಇತ್ತು. ಅದರ ಗುಂಡು ಮುಖ ಬಾಗಿಲಿನ ಪಕ್ಕದ ಗೋಡೆಯಲ್ಲಿ ಇವತ್ತಿಗೂ ಇದೆ. ಒಳಗಿನ ಮುಳ್ಳು ಮಾತ್ರ ಭಟ್ಟಿಯಕ್ಕನ ಮಾವನ ಕಾಲದಲ್ಲೇ ಒಂದು ಕಡೆ ವಾಲಿ ಕೂತದ್ದು ಮತ್ತೆ ಏಳಲಿಲ್ಲ. ಭಟ್ಟಿ ತಣ್ಣಗಿದ್ದರೂ ಅಷ್ಟೇ, ಕೆಂಡ ಕಾರುತ್ತಿದ್ದರೂ ಅಷ್ಟೇ. ಅದನ್ನು ರಿಪೇರಿ ಮಾಡಿಸಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ಮಾವನಿಗೆ ಮೀಟರಿನ ದರ್ದೇ ಇರಲಿಲ್ಲ. ಅವರು ಭಟ್ಟಿಯ ಕಬ್ಬಿಣದ ಬಾಗಿಲು ಸರಿಸಿ, ಬರಿಗೈಯನ್ನು ಮೊಣಕೈವರೆಗೆ ಒಳಗೆ ಚಾಚಿ, ಕೆನ್ನೆಯನ್ನು ಬಾಗಿಲಿನ ಹತ್ತಿರ ತಂದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕೈಯ ಚರ್ಮ ಹೇಳಿದ್ದನ್ನು ಕೆನ್ನೆಯೂ ಒಪ್ಪಿತು ಅಂದರೆ ಬ್ರೆಡ್ಡು ಒಳಗೆ ಹೋಗಬಹುದು ಅಂತ ಲೆಕ್ಕ.

ಆ ವಿದ್ಯೆಯನ್ನು ಮಗನಿಗೆ ದಾಟಿಸಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಗನ ಕೈ ಸುಟ್ಟಿತೇ ಹೊರತು ಅವನಿಗೆ ಕಾವು ತಿಳಿಯಲಿಲ್ಲ. ಮೊಂಡು ಚರ್ಮ ಕಣೋ ನಿಂದು ಎಂದು ಬೈದು ಬೈದು ಸಾಕಾಗಿ, ಅವನನ್ನು ಹಿಟ್ಟು ನಾದಲು ಹಚ್ಚಿದರು. ಆಮೇಲೆ ಆ ಮಗನಿಗೆ ಮದುವೆಯಾಯಿತು, ಸೊಸೆ ಬಂದಳು. ಬಂದ ವಾರದಲ್ಲೇ ಒಂದು ದಿನ ಆ ಹುಡುಗಿ, ಮಾವ ಆಚೆ ಹೋಗಿದ್ದಾಗ, ಸುಮ್ಮನೆ ಕುತೂಹಲಕ್ಕೆ ಭಟ್ಟಿಯೊಳಗೆ ಕೈ ಹಿಡಿದು, "ಇನ್ನೂ ಸ್ವಲ್ಪ ಬೇಕೇನೋ ಅನ್ಸುತ್ತಪ್ಪ," ಎಂದಳು. ಮಾವ ಬಂದು ಕೈ ಹಾಕಿ ನೋಡಿದರು. ಸ್ವಲ್ಪವೇ ಬೇಕಿತ್ತು.

ಅವತ್ತಿನಿಂದ ಆಕೆ ಭಟ್ಟಿಯಕ್ಕ ಆದಳು. ಮೊದಲು ನಾದಿನಿ ತಮಾಷೆಗೆ ಹಾಗೆ ಕರೆದಳು, ಆಮೇಲೆ ಬೀದಿಯೇ ಕರೆಯಿತು. ಮಾವ ಸತ್ತ ಮೇಲೆ ಆ ಭಟ್ಟಿಯ ಮುಂದೆ ಅವಳ ಮಾತಿಗೆ ಎದುರಿರಲಿಲ್ಲ. ಸೌದೆ ಉರಿದು, ಕೆಂಡ ಹರಡಿ, ಇಟ್ಟಿಗೆ ಕಾವು ಕುಡಿಯುವವರೆಗೆ ಗಂಡನೂ ನಾದಿನಿಯೂ ಹಿಟ್ಟಿನ ಅಚ್ಚುಗಳನ್ನು ಸಾಲಾಗಿ ಇಟ್ಟುಕೊಂಡು ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಕೈ ಹೊರಗೆ ತೆಗೆದು, "ಆಯ್ತು, ಹಾಕಿ," ಅಂದರೆ ಆಯಿತು. ಗಂಡ ಉದ್ದ ಹಿಡಿಯ ಮರದ ಹಲಗೆಯ ಮೇಲೆ ಅಚ್ಚುಗಳನ್ನಿಟ್ಟು ಒಳಗೆ ತಳ್ಳುತ್ತಿದ್ದ.

ಅವನಿಗೆ ಚರ್ಮ ಇಲ್ಲದಿದ್ದರೆ ಏನಾಯಿತು, ಕಿವಿ ಇತ್ತು. ಬೆಂದು ಬಂದ ಮೊದಲ ಬ್ರೆಡ್ಡನ್ನು ಅಚ್ಚಿನಿಂದ ಬೀಳಿಸಿ, ಬೋರಲು ಹಾಕಿ, ಅದರ ತಳಕ್ಕೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ತಟ್ಟಿ ಕಿವಿಗೆ ಹಿಡಿಯುತ್ತಿದ್ದ. ಒಳಗೆ ಟೊಳ್ಳು ಸದ್ದು ಬಂದರೆ ಬೆಂದಿದೆ. ದಬ್ ಎಂದರೆ ನಡುವೆ ಹಸಿ. ಇಷ್ಟೇ ಅಲ್ಲ, ಕಾವು ಒಂದು ಚೂರು ಹೆಚ್ಚಿತ್ತೋ ಕಡಿಮೆಯಿತ್ತೋ, ಹಿಟ್ಟು ಎಷ್ಟು ಹೊತ್ತು ಉಬ್ಬಿತ್ತು, ಎಲ್ಲ ಆ ಸದ್ದಿನಲ್ಲೇ ಅವನಿಗೆ ಕೇಳುತ್ತಿತ್ತು. ಹೆಂಡತಿ ಏನು ಹೇಳುತ್ತಾಳೆ ಎಂದು ಕೇಳಿಸಿಕೊಳ್ಳದ ಗಂಡಸರು ಊರು ತುಂಬ ಇದ್ದಾರೆ. ಇವನು ಬ್ರೆಡ್ಡು ಏನು ಹೇಳುತ್ತದೆ ಅನ್ನುವುದನ್ನಾದರೂ ಕೇಳುತ್ತಿದ್ದನಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಕು.

ಹೀಗೆ ನಡೆಯುತ್ತಿದ್ದಾಗ ಭಟ್ಟಿಯಕ್ಕನ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಮುಂದಿನದೆಲ್ಲ ಎಲ್ಲರಿಗೂ ಗೊತ್ತಿರುವಂಥದ್ದೇ. ಎದೆ ತೆಗೆದರು, ಕೈಗೆ ಸೂಜಿ ಚುಚ್ಚಿ ಔಷಧಿ ಹರಿಸಿದರು, ಕೂದಲು ಉದುರಿತು, ವಾಂತಿ ಮಾಡಿ ಮಾಡಿ ಮುಖ ಅಂಗೈಯಷ್ಟಾಯಿತು, ಆಮೇಲೆ ಕರೆಂಟು, ಅಂದರೆ ರೇಡಿಯೇಶನ್ನು, ಕೊಟ್ಟರು. ಆ ವರ್ಷ ಬೇಕರಿ ಅರ್ಧ ದಿನ ಮಾತ್ರ ತೆರೆಯಿತು, ಬರೀ ಬಿಸ್ಕತ್ತು ಮಾರಿ ಕಾಲ ಹಾಕಿದರು. ವರ್ಷದ ಕೊನೆಗೆ ಕೂದಲು ಗುಂಗುರಾಗಿ ಬಂದಾಗ ನಾದಿನಿ ತಲೆ ಸವರಿ, "ಅತ್ತಿಗೆ, ಕುರಿಮರಿ ಥರ ಕಾಣ್ತಿದೀರಿ, ಮುದ್ದು ಬರುತ್ತೆ," ಎಂದಳು. ಎಲ್ಲರೂ ನಕ್ಕರು. ಮುಗಿಯಿತು ಎಂದುಕೊಂಡರು.

ಮುಗಿದಿರಲಿಲ್ಲ. ಡಾಕ್ಟರಮ್ಮ ಒಂದು ಮಾತ್ರೆ ಬರೆದುಕೊಟ್ಟರು. ಬಿಳೀ ಮಾತ್ರೆ, ಉಗುರಿನ ಮೇಲೆ ಕೂರುವಷ್ಟು ಚಿಕ್ಕದು.

"ನಿಮ್ಮದು ಹಾರ್ಮೋನು ತಿಂದ್ಕೊಂಡು ಬೆಳೆಯೋ ಜಾತಿ ಕ್ಯಾನ್ಸರ್ ಅಮ್ಮ. ಎಲ್ಲಾದ್ರೂ ಒಂದೆರಡು ಕಣ ಉಳಿದಿದ್ರೆ ಅದಕ್ಕೆ ಊಟ ಸಿಗಬಾರದು, ಅದಕ್ಕೇ ಈ ಮಾತ್ರೆ. ದಿನಾ ಒಂದು, ಐದು ವರ್ಷ. ಮೈ ಬಿಸಿಯಾಗುತ್ತೆ, ಕೀಲು ಹಿಡ್ಕೊಳ್ಳುತ್ತೆ, ಬೇಜಾರಾಗುತ್ತೆ. ಬಿಟ್ಟುಬಿಡೋಣ ಅನ್ಸುತ್ತೆ ನೋಡಿ, ಅವತ್ತು ಬಿಡಬೇಡಿ, ಇಲ್ಲಿಗೆ ಬನ್ನಿ. ಬೈಯಲ್ಲ ನಾನು. ಬೇರೆ ದಾರಿ ಹುಡುಕೋಣ."

ಇಷ್ಟು ಬಿಡಿಸಿ ಹೇಳುವ ಡಾಕ್ಟರು ಸಿಗುವುದೇ ಕಷ್ಟ. ಭಟ್ಟಿಯಕ್ಕ ತಲೆಯಾಡಿಸಿದಳು.

ಬಿಸಿ ಎಂದರೆ ಎಂಥ ಬಿಸಿ ಎಂದು ಅವಳಿಗೆ ಮೊದಲ ತಿಂಗಳಲ್ಲೇ ಗೊತ್ತಾಯಿತು. ಹೊಟ್ಟೆಯ ಒಳಗೆಲ್ಲೋ ಯಾರೋ ಕಡ್ಡಿ ಗೀರಿದ ಹಾಗೆ ಶುರುವಾಗುತ್ತಿತ್ತು. ಎದೆಗೆ ಏರಿ, ಕತ್ತಿಗೆ ಏರಿ, ಮುಖಕ್ಕೆ ಬಂದು ಕಿವಿಯ ತುದಿಯವರೆಗೆ ಉರಿದು, ಮೈಯೆಲ್ಲ ಬೆವರು ಕಿತ್ತುಕೊಂಡು ಬಂದು, ಮರುಕ್ಷಣ ಚಳಿ. ರಾತ್ರಿ ತೊಟ್ಟ ನೈಟಿಯನ್ನು ಬೆಳಿಗ್ಗೆ ಹಿಂಡಬಹುದಿತ್ತು. ಹಾಸಿಗೆಯ ಅವಳ ಕಡೆ ತಣ್ಣಗೆ ಒದ್ದೆ. ಬೆರಳ ಗೆಣ್ಣುಗಳು ಎದ್ದ ಮೇಲೆ ಒಂದು ತಾಸು ಮಡಚಲು ಒಪ್ಪುತ್ತಿರಲಿಲ್ಲ, ಬಿಸಿನೀರಿನ ಚೊಂಬಿನೊಳಗೆ ಅದ್ದಿ ಕೂರಬೇಕು. ಗಂಡ ಹತ್ತಿರ ಬಂದರೆ ಗಾಯದ ಮೇಲೆ ಉಪ್ಪು ಸವರಿದಷ್ಟು ಉರಿ. ಒಂದೆರಡು ಸಲ ಹಲ್ಲು ಕಚ್ಚಿ ಸುಮ್ಮನಿದ್ದಳು. ಅವನಿಗೆ ಅದು ಗೊತ್ತಾಗಿ, ಆಮೇಲೆ ಅವನೇ ಗೋಡೆಯ ಕಡೆ ತಿರುಗಿ ಮಲಗತೊಡಗಿದ. ಅದಕ್ಕೂ ಅವಳಿಗೆ ಅಳು ಬಂತು. ಏನಾದರೂ ಅಳು, ಏನಾಗದಿದ್ದರೂ ಅಳು. ಅಂಗಡಿಗೆ ಬಂದವರು ಮಾತ್ರ, "ಈಗ ಹುಷಾರಾಗಿದ್ದೀಯಲ್ಲಮ್ಮ, ಒಳ್ಳೇ ಮೈ ಬಂದಿದೆ," ಎಂದು ಹೊಗಳಿ ಹೋಗುತ್ತಿದ್ದರು. ಇಂಥ ಜನಕ್ಕೆ ಏನು ಹೇಳುವುದು ಹೇಳಿ!

ಇಷ್ಟನ್ನೂ ಅವಳು ತಡೆದುಕೊಂಡಳು. ಬದುಕಬೇಕು ಎನ್ನುವ ಆಸೆ ಅವಳಿಗೆ ಯಾರಿಗಿಂತ ಕಡಿಮೆಯಿರಲಿಲ್ಲ. ಗಂಡ ಬೆಳಿಗ್ಗೆ ಹಿಟ್ಟು ನಾದಿ ಕೈ ಕೊಡವಿಕೊಳ್ಳುತ್ತ ತಪ್ಪದೆ ಕೇಳುತ್ತಿದ್ದ:

"ಮಾತ್ರೆ ತಗೊಂಡ್ಯಾ?"

"ತಗೊಂಡೆ ಮಾರಾಯ್ರೇ. ಇನ್ನೇನು ಬಾಯಿ ತೆಗೆದು ತೋರಿಸ್ಲಾ?"

ಅದು ಅವರ ದಿನದ ಮೊದಲ ಮಾತಾಗಿತ್ತು.

ತಪ್ಪು ಆದದ್ದು ಒಂದು ಸೋಮವಾರ. ಹಾಸ್ಟೆಲ್ಲಿಗೆ ಹೋಗಬೇಕಾದ ಬ್ರೆಡ್ಡು ಅದು. ಭಟ್ಟಿಯಕ್ಕ ಎಂದಿನಂತೆ ರವಿಕೆಯ ತೋಳು ಮಡಚಿ, ಬಾಗಿಲು ಸರಿಸಿ, ಕೈಯನ್ನು ಒಳಗೆ ಹಿಡಿದಳು. ಅದೇ ಹೊತ್ತಿಗೆ ಹೊಟ್ಟೆಯೊಳಗೆ ಕಡ್ಡಿ ಗೀರಿತು. ಕೈ ಸುಟ್ಟಿತು, ಕೆನ್ನೆ ಹೌದು ಎಂದಿತು. ಅದು ಭಟ್ಟಿಯದೋ ತನ್ನದೋ ಎಂದು ಯೋಚಿಸುವ ಅಭ್ಯಾಸ ಅವಳಿಗೆ ಎಲ್ಲಿಂದ ಬರಬೇಕು?

"ಆಯ್ತು, ಹಾಕಿ."

ತೆಗೆದಾಗ ಗಂಡ ತಟ್ಟಿದ. ದಬ್. ಇನ್ನೊಂದನ್ನು ತಟ್ಟಿದ. ದಬ್. ಚಾಕು ಹಾಕಿದರೆ ನಡುವಿನ ಹಿಟ್ಟು ಅಂಟಂಟಾಗಿ ಚಾಕುವಿನ ಜೊತೆಗೇ ಬಂತು.

"ಅಯ್ಯೋ ಅತ್ತಿಗೆ!" ನಾದಿನಿ ಬಾಯ ಮೇಲೆ ಕೈಯಿಟ್ಟಳು. "ಇದನ್ನ ಆ ಹಾಸ್ಟೆಲ್ ವಾರ್ಡನ್ ತಿಂದ್ರೆ ಕಟ್ಟಿಸ್ಕೊಂಡಿರೋ ಹಲ್ಲುಸೆಟ್ಟು ಬ್ರೆಡ್ಡಲ್ಲೇ ಉಳ್ಕೊಳ್ಳುತ್ತೆ!"

ಆ ದಿನ ನಕ್ಕರು. ಮುಂದಿನ ಸಲ ಭಟ್ಟಿಯಕ್ಕ ತನ್ನ ಕೈಯನ್ನು ನಂಬದೆ ಕಾದಳು, ಕಾದದ್ದು ಹೆಚ್ಚಾಯಿತು, ಬ್ರೆಡ್ಡಿನ ತಳ ಸೀದು ಹೋಯಿತು. ಅದರ ಮುಂದಿನ ಸಲ ಮತ್ತೆ ಹಸಿ. ಕೈ ಹಾಕುವ ಮೊದಲು ತಣ್ಣೀರಿನಲ್ಲಿ ಮುಖ ತೊಳೆದು ನೋಡಿದಳು, ಬಾಗಿಲಾಚೆ ಹೋಗಿ ಗಾಳಿಗೆ ನಿಂತು ಬಂದು ನೋಡಿದಳು. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಹೇಳಲು ಬಾರದ ಕಾವು ಅವಳ ಮೈಯಲ್ಲಿ ಮನೆ ಮಾಡಿತ್ತು. ನಾದಿನಿ ತಮಾಷೆ ಮಾಡುವುದನ್ನು ನಿಲ್ಲಿಸಿದಳು. ಭಟ್ಟಿಯಕ್ಕನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಡಾಕ್ಟರಮ್ಮನ ಬಳಿ ಹೋಗಿ ಬಿಸಿಯ ವಿಷಯ ಹೇಳಿದಳು. ಅವರು ಮಾತ್ರೆ ಬದಲಿಸಿದರು. ಬಿಸಿ ಸ್ವಲ್ಪ ತಗ್ಗಿತು, ಬದಲಿಗೆ ಮೂಳೆ ಮೂಳೆಯೂ ನೋಯತೊಡಗಿತು, ಬೆರಳು ಇನ್ನೂ ಬಿಗಿಯಾಯಿತು. ಮತ್ತೆ ಬನ್ನಿ, ಇನ್ನೊಂದು ನೋಡೋಣ ಎಂದಿದ್ದರು. ಆದರೆ ಅದಕ್ಕೆಂದು ಅವಳು ಮತ್ತೆ ಹೋಗಲಿಲ್ಲ; ಮೊದಲ ಸಲ ಮಾತ್ರೆ ಬದಲಿಸಿಕೊಂಡು ಮನೆಗೆ ಬಂದ ಮಧ್ಯಾಹ್ನವೇ ಭಟ್ಟಿಯ ಬಾಗಿಲ ಮೇಲೆ ಹೊಸ ಮೀಟರು ಕಾಣಿಸಿತ್ತು. ಹೊಳೆಯುವ ಸ್ಟೀಲು, ಕೆಂಪು ಮುಳ್ಳು. ಅವಳು ಇಲ್ಲದ ಹೊತ್ತು ನೋಡಿ ಗಂಡ ಹಾಕಿಸಿದ್ದ. ಅವಳಿಗೆ ಬೆನ್ನು ತೋರಿಸಿ ನಿಂತು, ಬೇಡದ ಅಚ್ಚನ್ನು ಬೇಡದಷ್ಟು ಉಜ್ಜುತ್ತಿದ್ದ.

"ಸುಮ್ನೆ, ಒಂದು ಆಸರೆಗೆ ಇರ್ಲಿ ಅಂತ," ಎಂದ. "ನಿಂಗೂ ಸ್ವಲ್ಪ ರೆಸ್ಟು."

"ಒಳ್ಳೇದಾಯ್ತು ಬಿಡಿ," ಎಂದಳು ಅವಳು.

ಮೀಟರು ಕೆಟ್ಟದ್ದೇನೂ ಅಲ್ಲ. ಗಾಳಿಯ ಬಿಸಿ ತೋರಿಸುತ್ತಿತ್ತು, ಇಟ್ಟಿಗೆಯದ್ದು ತೋರಿಸುತ್ತಿರಲಿಲ್ಲ. ಮೂಲೆಯ ಬ್ರೆಡ್ಡು ಒಂದು ಬಣ್ಣ, ನಡುವಿನದು ಒಂದು ಬಣ್ಣ ಬರುತ್ತಿತ್ತು. ಆದರೂ ಹಸಿಯಂತೂ ಉಳಿಯುತ್ತಿರಲಿಲ್ಲ, ಪರವಾಗಿಲ್ಲ ಎನ್ನುವಂಥ ಬ್ರೆಡ್ಡು, ಯಾರೂ ವಾಪಸ್ಸು ತರುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಭಟ್ಟಿಯಕ್ಕ ಮುಂದೆ ಮಾಡಿದ್ದನ್ನು ಹೊಟ್ಟೆಪಾಡಿಗೆ ಮಾಡಿದಳು ಎಂದು ಯಾರೂ ತಿಳಿಯಬಾರದು. ಹೊಟ್ಟೆಗೆ ಏನೂ ಕಡಿಮೆಯಾಗಿರಲಿಲ್ಲ.

ಅವಳನ್ನು ಕೌಂಟರಿನ ಹಿಂದೆ ಪ್ಯಾಕ್ ಮಾಡಲು ಕೂರಿಸಿದರು. ಕವರಿನ ಬಾಯಿ ತಿರುಚಿ ದಾರ ಕಟ್ಟಬೇಕು. ಮಡಚಲಾಗದ ಬೆರಳಿಗೆ ಅದೂ ಸರಿಯಾಗಿ ಬರಲಿಲ್ಲ. ಒಂದು ದಿನ ಗಿರಾಕಿಯ ಕೈಯಲ್ಲೇ ಗಂಟು ಬಿಚ್ಚಿಕೊಂಡು ಬನ್ನುಗಳು ಉರುಳಿ ಬೀದಿಗೆ ಬಿದ್ದವು. ನಾದಿನಿ ಓಡಿ ಹೋಗಿ ಎತ್ತಿ ಬಂದು, "ಇರ್ಲಿ ಬಿಡಿ ಅತ್ತಿಗೆ, ನೀವು ಒಳಗೆ ಹೋಗಿ ಮಲಕ್ಕೊಳ್ಳಿ," ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ, ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಒಳಗೆ ಗಂಡ ಮೀಟರಿನ ಮುಂದೆ ನಿಂತು ಜೋರಾಗಿ ಅಂಕಿ ಓದುತ್ತಿದ್ದ. ಭಟ್ಟಿಯಕ್ಕ ಮಲಗಲಿಲ್ಲ. ಗೋಡೆಗೆ ಒರಗಿ ಕೂತು ತನ್ನ ತೋಳನ್ನೇ ನೋಡಿದಳು. ಭಟ್ಟಿಯ ಕಾವಿಗೆ ರೋಮವೆಲ್ಲ ಸುಟ್ಟು ನುಣ್ಣಗಾಗಿದ್ದ ಆ ತೋಳಿನಲ್ಲಿ ಈಗ ಸಣ್ಣ ಸಣ್ಣ ರೋಮ ಹುಟ್ಟುತ್ತಿತ್ತು. ನಾನು ಬದುಕಿರೋದು ಸರಿ, ಆದ್ರೆ ಬದುಕಿರೋದು ಯಾರು ಎಂದು ಅವಳಿಗೆ ಅನಿಸಿತು.

ಮರುದಿನ ಬೆಳಿಗ್ಗೆ ಮಾತ್ರೆಯನ್ನು ಹಾಳೆಯಿಂದ ಒತ್ತಿ ಅಂಗೈಗೆ ಹಾಕಿಕೊಂಡಳು. ಇವತ್ತೊಂದು ದಿನ ಎಂದುಕೊಂಡಳು. ಭಟ್ಟಿಗೆ ಸೌದೆ ತಳ್ಳುವ ನೆವದಲ್ಲಿ ಬಗ್ಗಿ, ಅದನ್ನು ಬೆಂಕಿಗೆ ಹಾಕಿದಳು. ಅಷ್ಟು ದೊಡ್ಡ ಬೆಂಕಿಯಲ್ಲಿ ಅಷ್ಟು ಚಿಕ್ಕ ಮಾತ್ರೆ ಬಿದ್ದದ್ದೂ ಕಾಣಲಿಲ್ಲ.

"ಮಾತ್ರೆ ತಗೊಂಡ್ಯಾ?" ಎಂದ ಗಂಡ.

"ತಗೊಂಡೆ."

ಇವತ್ತೊಂದು ದಿನ ಅನ್ನುವುದು ನಾಳೆಗೂ ಆಯಿತು, ವಾರಕ್ಕೂ ಆಯಿತು. ಮಾತ್ರೆ ಖಾಲಿಯಾದ ಹಾಳೆಗಳನ್ನು ಅವಳು ಎಂದಿನಂತೆ ಕಪಾಟಿನಲ್ಲೇ ಬಿಡುತ್ತಿದ್ದಳು. ಗಂಡ ಅದನ್ನು ನೋಡಿ ಔಷಧಿ ಅಂಗಡಿಗೆ ಹೋಗಿ ಹೊಸದು ತರುತ್ತಿದ್ದ. ಅವನು ತಂದದ್ದನ್ನೆಲ್ಲ ಅವಳು ಭಟ್ಟಿಗೆ ಉಣ್ಣಿಸಿದಳು.

ಮೊದಲು ಬೆರಳು ಬಿಟ್ಟುಕೊಂಡವು. ಆಮೇಲೆ ಒಂದು ರಾತ್ರಿ ಪೂರಾ ನಿದ್ದೆ ಬಂತು. ಎದ್ದಾಗ ನೈಟಿ ಒಣಗಿತ್ತು. ಅವಳು ಹಾಸಿಗೆಯ ಮೇಲೆ ಕೂತು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಹೊಟ್ಟೆಯೊಳಗಿನ ಕಡ್ಡಿ ಅಪರೂಪಕ್ಕೊಮ್ಮೆ ಗೀರುತ್ತಿತ್ತು, ಆಮೇಲೆ ಅದೂ ಹೋಯಿತು. ಒಂದು ಬೆಳಿಗ್ಗೆ ಗಂಡ ಹಿಟ್ಟು ತುಂಬಿದ ಅಚ್ಚುಗಳ ಸಾಲಿನ ಆಚೆ ನಿಂತಿದ್ದಾಗ, ಅವಳು ಸೀದಾ ಬಂದು ಹೆಗಲ ಟವೆಲನ್ನು ಮೀಟರಿನ ಮೇಲೆ ನೇತುಹಾಕಿದಳು. ತೋಳು ಮಡಚಿದಳು, ಬಾಗಿಲು ಸರಿಸಿದಳು, ಕೈಯನ್ನು ಒಳಗೆ ಹಿಡಿದಳು.

ಕಾವು ಹೊರಗಿನಿಂದ ಬಂತು. ಬರೀ ಹೊರಗಿನಿಂದ. ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ, ಹಳೆಯ ಪರಿಚಯದವರು ಬಂದು ಮಾತಾಡಿಸಿದಂತೆ.

"ಇನ್ನೊಂಚೂರು ಇರಿ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಆಯ್ತು, ಹಾಕಿ."

ಗಂಡ ಅವಳ ಮುಖವನ್ನೂ ಟವೆಲನ್ನೂ ನೋಡಿದ. ಅಚ್ಚುಗಳನ್ನು ಒಳಗೆ ತಳ್ಳಿದ. ಬೆಂದು ಬಂದ ಮೊದಲ ಬ್ರೆಡ್ಡನ್ನು ಬೋರಲು ಹಾಕಿ ತಟ್ಟಿದ. ಟಕ್ ಟಕ್. ಕಿವಿಗೆ ಹಿಡಿದ. ಮತ್ತೆ ತಟ್ಟಿದ, ಮತ್ತೆ ಹಿಡಿದ. ಒಂದು ಬ್ರೆಡ್ಡಿಗೆ ಅಷ್ಟು ಹೊತ್ತು ಅವನು ಕಿವಿ ಕೊಟ್ಟದ್ದನ್ನು ಅವಳು ಕಂಡಿರಲಿಲ್ಲ.

"ಹೇಗಿದೆ?"

"ಚೆನ್ನಾಗಿದೆ," ಎಂದು ಅವನು ಬ್ರೆಡ್ಡನ್ನು ಕೆಳಗಿಟ್ಟು ಬೆನ್ನು ತಿರುಗಿಸಿದ. "ಮೊದಲಿನ ಹಾಗೇ ಇದೆ."

ನಾದಿನಿ ಒಳಗೆ ಬಂದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡವಳೇ, ಅತ್ತಿಗೆಯ ಸೊಂಟ ಹಿಡಿದು ಒಂದು ಸುತ್ತು ತಿರುಗಿಸಿದಳು. "ಬಂದ್ಲಪ್ಪಾ ನಮ್ಮ ಭಟ್ಟಿಯಕ್ಕ! ಎಲ್ಲಿಗೆ ಹೋಗಿದ್ರಿ ಇಷ್ಟು ದಿನ, ಹೇಳ್ದೆ ಕೇಳ್ದೆ?" ಆ ದಿನ ಮಧ್ಯಾಹ್ನಕ್ಕೇ ಬ್ರೆಡ್ಡು ಖಾಲಿ.

ಆಮೇಲಿನ ಕಾಲ ಒಳ್ಳೆಯದಿತ್ತು. ಇದನ್ನು ಹೇಳಲೇಬೇಕು, ಯಾಕೆಂದರೆ ಅದು ಸುಳ್ಳಾಗಿರಲಿಲ್ಲ. ಬೇಕರಿಯ ಮುಂದೆ ಮತ್ತೆ ಸಾಲು ನಿಂತಿತು. ಗಂಡ ಗೋಡೆಯ ಕಡೆಯಿಂದ ಅವಳ ಕಡೆ ತಿರುಗಿದ. ಒಂದು ದಿನ ನಾದಿನಿ ಗೂಡಿಸುವಾಗ ಹೊಸ ಮೀಟರು ಬಿದ್ದು ಗಾಜು ಒಡೆಯಿತು. ಹೋಗ್ಲಿ ದರಿದ್ರ ಎಂದು ಅವಳೇ ಗುಜರಿಯವನಿಗೆ ಹಾಕಿದಳು. ಬೆಳಗಿನ ಆ ಒಂದು ಪ್ರಶ್ನೆ, ಮಾತ್ರೆ ತಗೊಂಡ್ಯಾ ಅನ್ನುವುದು, ಯಾವಾಗಲೋ ನಿಂತುಹೋಗಿತ್ತು. ನಿಂತದ್ದು ಭಟ್ಟಿಯಕ್ಕನಿಗೆ ಗೊತ್ತಾಯಿತು. ಸುಳ್ಳು ಹೇಳುವುದು ತಪ್ಪಿತಲ್ಲ, ಸದ್ಯ, ಎಂದುಕೊಂಡಳು.

ಭಯ ಇರಲಿಲ್ಲವೇ? ಇತ್ತು. ಸ್ನಾನಕ್ಕೆ ಹೋದಾಗ ಉಳಿದ ಎದೆಯನ್ನು ತಡಕುವ ಬೆರಳಲ್ಲಿ ಇತ್ತು. ಮುಂದಿನ ತಿಂಗಳಿಂದ ಮತ್ತೆ ಶುರು ಮಾಡುತ್ತೇನೆ ಎಂದು ಪ್ರತಿ ತಿಂಗಳೂ ಅಂದುಕೊಳ್ಳುತ್ತಿದ್ದಳು. ತಪಾಸಣೆಗೆ ಹೋದಾಗ ಡಾಕ್ಟರಮ್ಮ ಕೇಳಿದರೆ, "ತಗೋತಿದೀನಿ ಮೇಡಂ," ಎನ್ನುತ್ತಿದ್ದಳು. ಎಲ್ಲ ಚೆನ್ನಾಗಿದೆ ಎಂದು ಅವರು ಬೆನ್ನು ತಟ್ಟಿ ಕಳಿಸಿದಾಗಲೆಲ್ಲ ಇನ್ನೊಂದಷ್ಟು ದಿನಕ್ಕೆ ಅನುಮತಿ ಸಿಕ್ಕಿದಂತಾಗುತ್ತಿತ್ತು. ಯಾರಾದರೂ ಗಟ್ಟಿಯಾಗಿ ಕೈ ಹಿಡಿದು, ಬಾಯಿ ತೆಗಿ ನೋಡೋಣ ಎಂದಿದ್ದರೆ, ಅವಳು ಜಗಳವಾಡುತ್ತಿದ್ದಳು, ಅಳುತ್ತಿದ್ದಳು, ಆಮೇಲೆ ನುಂಗುತ್ತಿದ್ದಳು. ಹಾಗೆ ಒಬ್ಬರು ಹೇಳಲಿ ಎಂದು ಅವಳು ಒಳಗೊಳಗೇ ಕಾಯುತ್ತಿದ್ದಳೆಂದು ಅವಳಿಗೇ ತಿಳಿದಿರಲಿಲ್ಲ.

ಎರಡನೇ ವರ್ಷದ ಚಳಿಯಲ್ಲಿ ಬೆನ್ನು ನೋವು ಬಂತು. ಅಚ್ಚು ಎತ್ತಿದ್ದು ಹೆಚ್ಚಾಯಿತು ಎಂದುಕೊಂಡಳು. ಮುಲಾಮು ಹಚ್ಚಿದರು, ಬಿಸಿನೀರಿನ ಚೀಲ ಇಟ್ಟರು. ನೋವು ಮಲಗಿದರೂ ಹೋಗಲಿಲ್ಲ, ಕೂತರೂ ಹೋಗಲಿಲ್ಲ. ಕೊನೆಗೆ ಸ್ಕ್ಯಾನು.

ಡಾಕ್ಟರಮ್ಮ ಗೋಡೆಯ ಬೆಳಕಿನ ಮುಂದೆ ಪಟ ಹಿಡಿದು, ಬೆನ್ನುಮೂಳೆಯ ಎರಡು ಕಡೆ ಪೆನ್ನಿನ ತುದಿಯಿಟ್ಟರು. ಇಲ್ಲಿ, ಮತ್ತೆ ಇಲ್ಲಿ. ಹೊಸ ಔಷಧಿಗಳಿವೆ, ಹಿಡಿದಿಡಬಹುದು, ಎಷ್ಟು ಕಾಲ ಎಂದು ಹೇಳಲಾಗದು ಎಂದರು. ವಾಸಿ ಎನ್ನುವ ಮಾತನ್ನು ಅವರು ಎತ್ತಲಿಲ್ಲ.

"ಅಮ್ಮ, ಒಂದು ಮಾತು ಕೇಳ್ತೀನಿ. ನಿಜ ಹೇಳಿದ್ರೆ ಮುಂದಿನ ಔಷಧಿ ಆರಿಸೋಕೆ ನಂಗೆ ಅನುಕೂಲ. ಮಾತ್ರೆ ದಿನಾ ತಗೋತಿದ್ರಾ? ಮಧ್ಯ ಬಿಟ್ಟಿದ್ರಾ?"

ಪಕ್ಕದಲ್ಲಿ ಗಂಡ ಕೂತಿದ್ದ. ಅವನ ಮುಂದೆ ಹೇಗೆ ಹೇಳುವುದು? ಅವನು ಬಿಸಿಲಲ್ಲಿ ನಡೆದು ಹೋಗಿ ತಂದ ಮಾತ್ರೆಗಳು.

"ಇಲ್ಲ ಮೇಡಂ. ತಗೋತಿದ್ದೆ."

"ತಗೋತಿರ್ಲಿಲ್ಲ ಡಾಕ್ಟ್ರೇ," ಎಂದ ಗಂಡ.

ಅವನು ನೆಲ ನೋಡುತ್ತ ಹೇಳಿದ. ಡಾಕ್ಟರಮ್ಮ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ನೋಡಿದರು. ಎಂದಿನಿಂದ ಎಂದು ಮೆಲ್ಲಗೆ ಕೇಳಿದರು.

"ಒಂದೂವರೆ ವರ್ಷ ಆಯ್ತು. ಬ್ರೆಡ್ಡು ಸರಿಯಾಗಿ ಬಂತಲ್ಲ... ಅದಕ್ಕೆ ಸ್ವಲ್ಪ ಮುಂಚಿನಿಂದ."

ಡಾಕ್ಟರಮ್ಮನಿಗೆ ಬ್ರೆಡ್ಡಿನ ಮಾತು ಅರ್ಥವಾಗಲಿಲ್ಲ. ಅವರು ಅದನ್ನು ಕೆದಕಲಿಲ್ಲ. "ತಗೊಂಡಿದ್ರೂ ಕೆಲವರಿಗೆ ವಾಪಸ್ ಬರುತ್ತೆ. ಇದರಿಂದಲೇ ಅಂತ ಯಾರೂ ಹೇಳೋಕಾಗಲ್ಲ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದು ಯಾರಿಗೂ ಸಮಾಧಾನ ಕೊಡಲಿಲ್ಲ.

ಹೊರಗೆ ಉದ್ದನೆಯ ಕಾರಿಡಾರು, ಸಿಮೆಂಟಿನ ಬೆಂಚು, ಪಕ್ಕದಲ್ಲಿ ತೊಟ್ಟಿಕ್ಕುವ ಕುಡಿಯುವ ನೀರಿನ ನಲ್ಲಿ. ಇಬ್ಬರೂ ಕೂತರು.

"ನಿಮಗೆ ಗೊತ್ತಿತ್ತಾ?"

"ಅವತ್ತು ತಟ್ಟಿದೆನಲ್ಲ, ಆಗ್ಲೇ ಗೊತ್ತಾಯ್ತು. ಮಾತ್ರೆ ತಿನ್ನೋ ಮೈಗೆ ಆ ಕಾವು ಸಿಗ್ತಿರ್ಲಿಲ್ಲ. ಬ್ರೆಡ್ಡೇ ಹೇಳ್ತು."

"ಅವತ್ತಿಂದ ಕೇಳೋದನ್ನ ನಿಲ್ಸಿದ್ರಿ."

"ಕೇಳಿದ್ರೆ ನೀನು ಸುಳ್ಳು ಹೇಳ್ಬೇಕಿತ್ತು."

"ಹೇಳ್ತಿದ್ದೆ! ಹೇಳಿದ್ರೆ ಕಪಾಳಕ್ಕೆ ಎರಡು ಕೊಡಬೇಕಿತ್ತು! ಬಾಯಿ ಬಿಡಿಸಿ ತುರುಕಬೇಕಿತ್ತು! ಯಾಕ್ರೀ? ಯಾಕೆ ಬಿಟ್ರಿ ನನ್ನ?" ಅವಳ ದನಿ ಕಾರಿಡಾರಿನಲ್ಲಿ ಏರಿತು. ನಲ್ಲಿಯ ಹತ್ತಿರ ನಿಂತಿದ್ದ ನರ್ಸು ತಿರುಗಿ ನೋಡಿ, ನೋಡದವಳಂತೆ ಹೋದಳು.

ಅವನು ಗೆಣ್ಣಿನಿಂದ ಬೆಂಚನ್ನು ತಟ್ಟುತ್ತಿದ್ದ, ತನಗೇ ತಿಳಿಯದೆ.

"ನೀನು ನಗ್ತಿದ್ದೆ," ಎಂದ. "ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ. ಹೇಳಿದ್ರೆ ಮತ್ತೆ ಆ ಮೂಲೇಲಿ ಕೂತು ಅಳ್ತೀಯ ಅಂತ." ನಿಲ್ಲಿಸಿದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಅವಳು ನಂಬುತ್ತಿದ್ದಳು. ಆದರೆ ಅವನು ಮುಂದುವರಿಸಿದ. "ಬ್ರೆಡ್ಡೂ ಚೆನ್ನಾಗಿ ಬರ್ತಿತ್ತು ಕಣೇ. ಅಪ್ಪನ ಕಾಲದ ಥರ. ಅದು... ಅದೂ ಬೇಕಿತ್ತು ನಂಗೆ."

ಭಟ್ಟಿಯಕ್ಕ ಅವನನ್ನು ನೋಡಿದಳು. ಅವಳಿಗೂ ಅದೇ ಬೇಕಾಗಿತ್ತು. ಅದಕ್ಕೇ ಅವನ ಮೇಲೆ ಅವಳಿಗೆ ಅಷ್ಟು ಸಿಟ್ಟು ಬಂತು.

ಮನೆಯಲ್ಲಿ ನಾದಿನಿಗೆ ಹೇಳಿದಾಗ ಅವಳು ಹಣೆ ಹಣೆ ಚಚ್ಚಿಕೊಂಡಳು. "ಒಂದೇ ಮನೇಲಿ, ಒಂದೇ ಹಾಸಿಗೇಲಿ ಮಲಕ್ಕೊಂಡು ಇಬ್ಬರೂ ಕಣ್ಣಾಮುಚ್ಚಾಲೆ ಆಡಿದ್ರಾ? ಅಣ್ಣ, ನೀನು ಮನುಷ್ಯನಾ? ಅತ್ತಿಗೆ, ನೀವಾದ್ರೂ ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಆಮೇಲೆ ಅವಳೇ ಇಬ್ಬರಿಗೂ ಊಟ ಬಡಿಸಿದಳು. ಮೂವರೂ ಊಟ ಬಿಟ್ಟು ಎದ್ದರು.

ಹೊಸ ಔಷಧಿ ಮುಂದಿನ ವಾರದಿಂದ. ಮಾತ್ರೆಯ ಜೊತೆಗೆ ಸೂಜಿಯೂ ಇದೆ, ಮೈಯ ಬಿಸಿ ಈ ಸಲ ಇನ್ನೂ ಜೋರಿರುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅಂದರೆ ಭಟ್ಟಿಯಕ್ಕನ ಚರ್ಮ ನಿಜ ಹೇಳುವುದು ಇನ್ನು ಆ ವಾರ ಮಾತ್ರ. ಮರುದಿನ ಬೆಳಿಗ್ಗೆ ಅವಳು ಗೋಡೆ ಹಿಡಿದುಕೊಂಡು ನಡೆದು ಬಂದು, ಭಟ್ಟಿಯ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತಳು. ಗಂಡ ಅಚ್ಚುಗಳನ್ನು ಸಾಲಾಗಿ ಇಟ್ಟ. ಅವಳು ತೋಳು ಮಡಚಲೆಂದು ಕಾದ. ಅವಳು ಮಡಚಲಿಲ್ಲ.

"ನೀವು ಹಾಕಿ ಕೈ."

"ನಂಗೆ ಗೊತ್ತಾಗಲ್ಲ ಅಂತ ನಿಂಗೆ ಗೊತ್ತಿಲ್ವಾ? ಹೊಸ ಮೀಟರ್ ತಂದು ಹಾಕ್ತೀನಿ ಬಿಡು."

"ಮೀಟರ್ ಬೇಡ. ನಾನಿರೋ ಹೊತ್ತಿಗೆ ಕಲೀರಿ. ಕೈ ಹಾಕಿ."

ಅವನು ಬಾಗಿಲು ಸರಿಸಿ ಕೈ ಚಾಚಿದ. ನಡುವಯಸ್ಸು ದಾಟಿದ ಆ ಗಂಡಸು ಹಿಂದೆ ಅಪ್ಪನ ಮುಂದೆ ನಿಂತಂತೆ ನಿಂತಿದ್ದ. ತೋಳಿನ ರೋಮ ಸುರುಟಿಕೊಂಡು ವಾಸನೆ ಬಂತು.

"ಸುಡ್ತಿದೆ ಕಣೇ."

"ಸುಡ್ಲಿ. ಹಿಡ್ಕೊಳ್ಳಿ."

"ಏನೂ ಗೊತ್ತಾಗ್ತಿಲ್ಲ. ಬರೀ ಉರಿ." ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. "ಆಯ್ತಾ? ಸಾಕಾ? ಹೇಳೇ."

"ನನ್ನ ಕೇಳ್ಬೇಡಿ," ಎಂದಳು ಭಟ್ಟಿಯಕ್ಕ. "ಕೇಳ್ಬೇಕಾದಾಗ ಕೇಳ್ಲಿಲ್ಲ."

ಅವನು ಕಣ್ಣು ಮುಚ್ಚಿದ. ಕೆನ್ನೆಯನ್ನು ಬಾಗಿಲಿನ ಹತ್ತಿರ ತಂದ. ನಾದಿನಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಕೊನೆಗೆ ಅವನು ಕೈ ಹೊರಗೆ ತೆಗೆದು, ಯಾರನ್ನೂ ನೋಡದೆ ಹೇಳಿದ:

"ಆಯ್ತು, ಹಾಕೋಣ."

ಸ್ಟೂಲಿನ ಮೇಲೆ ಕೂತ ಭಟ್ಟಿಯಕ್ಕನ ಕೆನ್ನೆಗೆ ತೆರೆದ ಬಾಗಿಲಿನ ಕಾವು ಬಂದು ತಾಗಿತು. ಆಗಿರಲಿಲ್ಲ. ಇನ್ನೂ ಸ್ವಲ್ಪ ಬೇಕಿತ್ತು. ಈಗ ಹಾಕಿದರೆ ನಡುವೆ ಹಸಿ ಉಳಿಯುತ್ತದೆ, ಅವನು ತಟ್ಟುತ್ತಾನೆ, ದಬ್ ಅನ್ನುತ್ತದೆ. ಅವಳಿಗೆ ಖಂಡಿತ ಗೊತ್ತಿತ್ತು.

ಅವಳು ಮೊದಲ ಅಚ್ಚನ್ನು ಎತ್ತಿ ಅವನ ಕೈಗೆ ಕೊಟ್ಟಳು.